ಉತ್ಪ್ರೇಕ್ಷೆ ಅಂದರೆ ಜಾಸ್ತಿ ಹೇಳುವುದು ಅಲ್ವಾ? ಅಲಂಕಾರ, ಧ್ವನಿ, ಪ್ರಾಸ ಓದುತ್ತಿರುವವರು ಬನ್ನಿ

ನಾಲೆದಂಡೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಾನು ಕೆಲಸಕ್ಕೆ ಹೋಗಿಕೊಂಡೇ ಕನ್ನಡ ಎಂ.ಎ. ಓದುತ್ತಿದ್ದೇನೆ. ಮಗಳು ಹತ್ತನೇ ಕ್ಲಾಸು. ರಾತ್ರಿ ಊಟ ಮುಗಿಸಿ, ಪಾತ್ರೆ ಎತ್ತಿಟ್ಟು, ಇಬ್ಬರೂ ಒಂದೇ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಕೂರುತ್ತೇವೆ. ಅವಳದು ಅಲಂಕಾರ, ನನ್ನದು ಕಾವ್ಯಮೀಮಾಂಸೆ, ಅಂದರೆ ಕಾವ್ಯ ಹೇಗೆ ಅರ್ಥ ಕೊಡುತ್ತದೆ ಅನ್ನುವ ವಿಚಾರ. ಹೋದ ವಾರ ಇಬ್ಬರೂ ಒಂದೇ ಥರದ ಕಲ್ಲಿಗೆ ಎಡವಿದೆವು.

ಉತ್ಪ್ರೇಕ್ಷೆಗೆ ಅವಳು ಬರೆದ ಉದಾಹರಣೆ: 'ನಮ್ಮ ತಾತ ಒಂದೇ ಸಲಕ್ಕೆ ನೂರು ಮುದ್ದೆ ಉಂಡರು.' ಟೀಚರ್ ಕೆಂಪು ಗೆರೆ ಎಳೆದು ಕಳಿಸಿದ್ದಾರೆ. ಯಾಕೆ ತಪ್ಪು ಅಂತ ನನಗೂ ಹೊಳೆಯಲಿಲ್ಲ. 'ಉತ್ಪ್ರೇಕ್ಷೆ ಮಾಡಿ ಹೇಳಬೇಡ' ಅಂತ ದಿನಾ ಬಳಸುತ್ತೇವಲ್ಲ, ಅದೇ ತಾನೇ ಇದು?

ನನ್ನ ಕಥೆ ಇನ್ನೂ ಬೇಜಾರಿನದು. ಪರೀಕ್ಷೆಯಲ್ಲಿ ಕಾವ್ಯದಲ್ಲಿ ವ್ಯಂಗ್ಯಾರ್ಥದ ಸ್ಥಾನ ಏನು ಅಂತ ಪ್ರಶ್ನೆ ಬಂತು. ನಾಲ್ಕು ಪುಟ ಬರೆದೆ. ಅಷ್ಟೂ ಚುಚ್ಚುಮಾತು, ಕುಹಕ, ಲೇವಡಿಯ ಬಗ್ಗೆ. ಹದಿನೈದಕ್ಕೆ ಎರಡು ಅಂಕ ಬಂತು. ಕೇಳಿದರೆ 'ಪುಸ್ತಕ ಸರಿಯಾಗಿ ಓದಿ' ಅಂದರು. ನಾನು ಓದಿದ್ದೆ. ಆದರೆ ಆ ಪದ ಕಂಡ ಕೂಡಲೇ ಮನೆಯಲ್ಲಿ ಕೇಳಿ ಬೆಳೆದ ಅರ್ಥವೇ ಮುಂದೆ ಬಂದು ನಿಂತುಬಿಟ್ಟಿತು. ಇಂಥ ಪದ ಇನ್ನೆಷ್ಟಿವೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಗದ್ದೆಬದು (ಮದ್ದೂರು)

ತಾಯಿ, ಮೊದಲು ಮಗಳಿಗೆ ಹೇಳಿ, ಅವಳು ಬರೆದ ವಾಕ್ಯ ಚೆನ್ನಾಗಿದೆ. ಬೇರೆ ಮನೆಯ ಬಾಗಿಲು ತಟ್ಟಿದೆ ಅಷ್ಟೇ. ನೂರು ಮುದ್ದೆ ಉಂಡದ್ದು ಅತಿಶಯೋಕ್ತಿ, ಅಂದರೆ ಆಗದಷ್ಟು ಹಿಗ್ಗಿಸಿ ಹೇಳುವುದು. ಉತ್ಪ್ರೇಕ್ಷೆ ಬೇರೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಹೇಳಿಕೊಟ್ಟವನು ನಾನು. ಪ್ರತಿ ವರ್ಷವೂ ಅರ್ಧ ಕ್ಲಾಸು ಇದೇ ತಪ್ಪು ಮಾಡುತ್ತಿತ್ತು. ದಿನಬಳಕೆಯಲ್ಲಿ ಆ ಪದಕ್ಕೆ 'ಜಾಸ್ತಿ ಮಾಡಿ ಹೇಳುವುದು' ಅನ್ನುವ ಅರ್ಥ ಬಂದು ಕೂತಿದೆ. ಮಕ್ಕಳದೇನು ತಪ್ಪು?

ಉತ್ಪ್ರೇಕ್ಷೆಯ ಒಳಗೆ ಈಕ್ಷೆ ಇದೆ. ಈಕ್ಷೆ ಅಂದರೆ ನೋಟ. ಕಣ್ಣೆದುರು ಒಂದು ನಡೆಯುತ್ತಿದೆ, ಕವಿಗೆ ಅದು ಇನ್ನೇನೋ ನಡೆಯುತ್ತಿರುವ ಹಾಗೆ ಕಾಣುತ್ತದೆ. ಇಷ್ಟೇ.

ಕನ್ನಂಬಾಡಿ ಕಟ್ಟೆಯ ಗೇಟು ತೆಗೆದಾಗ ನೋಡಿದ್ದೀರಲ್ಲ. ಆ ಒಂದೇ ನೋಟವನ್ನು ನಾಲ್ಕು ಥರ ಹೇಳುತ್ತೇನೆ.

ನೀರು ಹಾಲಿನಂತೆ ಬೆಳ್ಳಗೆ ಧುಮುಕಿತು. ಇದು ಉಪಮೆ. ನೀರು ಉಪಮೇಯ, ಹಾಲು ಉಪಮಾನ, 'ಅಂತೆ' ವಾಚಕ ಪದ, ಬೆಳ್ಳಗಿರುವುದು ಸಮಾನ ಧರ್ಮ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. 'ಬೆಳ್ಳಗೆ' ತೆಗೆದುಹಾಕಿ, ಲುಪ್ತೋಪಮೆ ಆಗುತ್ತದೆ.

ನೀರೆಂಬ ಹಾಲು ಧುಮುಕಿತು. ಇದು ರೂಪಕ. ಹೋಲಿಕೆ ಹೋಯಿತು, ಎರಡೂ ಒಂದೇ ಆದವು.

ಕಟ್ಟೆಯ ಮೇಲೆ ನಿಂತು ಯಾರೋ ಹಾಲಿನ ಕೊಡಗಳನ್ನು ಬಗ್ಗಿಸುತ್ತಿದ್ದಾರೋ ಎಂಬಂತೆ ನೀರು ಧುಮುಕಿತು. ಇದು ಉತ್ಪ್ರೇಕ್ಷೆ.

ಕಟ್ಟೆಯಿಂದ ಹಾಲು ಧುಮುಕಿತು. ನೀರಿನ ಹೆಸರೇ ಇಲ್ಲ. ಉಪಮಾನ ಉಪಮೇಯವನ್ನು ಪೂರ್ತಿ ನುಂಗಿದೆ. ಇದನ್ನೂ ಅತಿಶಯೋಕ್ತಿ ಅನ್ನುತ್ತಾರೆ. ಅತಿಶಯೋಕ್ತಿ ಅಂದರೆ ಬರೀ ನೂರು ಮುದ್ದೆ ಅಲ್ಲ, ಈ ನುಂಗುವಿಕೆಯೂ ಅದರ ಒಂದು ಬಗೆ.

ನಾಲೆದಂಡೆ

ಮೇಷ್ಟ್ರೇ, ಮಗಳಿಗೆ ಓದಿ ಹೇಳಿದೆ. ಅವಳ ಪ್ರಶ್ನೆ: 'ಎಂಬಂತೆ' ಅನ್ನುವುದರಲ್ಲೂ 'ಅಂತೆ' ಇದೆಯಲ್ಲ, ಹಾಗಾದರೆ ಮೂರನೆಯದೂ ಉಪಮೆ ಯಾಕಾಗಬಾರದು?

ಗದ್ದೆಬದು

ಭೇಷ್. ಇದನ್ನು ಕೇಳುವ ಮಗು ಓದುತ್ತದೆ, ಚಿಂತೆ ಬಿಡಿ.

ವಾಚಕ ಪದ ಹುಡುಕಿ ಅಲಂಕಾರ ಹೇಳುವ ಅಭ್ಯಾಸವನ್ನು ನಾವೇ ಮಾಡಿಸಿದ್ದೇವೆ. ಅಂತೆ, ಹಾಗೆ, ವೋಲ್ ಕಂಡರೆ ಉಪಮೆ ಅಂತ ಉರು ಹೊಡೆಸುತ್ತೇವೆ. ಪರೀಕ್ಷೆಗೆ ಸುಲಭ, ಪದ್ಯಕ್ಕೆ ಸಾಲದು. ಪದ ನೋಡಬೇಡ ಮಗಳೇ, ಏನನ್ನು ಹೋಲಿಸಿದ್ದಾರೆ ಅಂತ ನೋಡು. ಉಪಮೆಯಲ್ಲಿ ಹಾಲು ನಿಜವಾಗಿ ಲೋಕದಲ್ಲಿ ಇರುವ ವಸ್ತು. ನೀರನ್ನು ಅದರ ಪಕ್ಕ ಇಟ್ಟರು. ಮೂರನೆಯ ವಾಕ್ಯದಲ್ಲಿ ಕೊಡ ಬಗ್ಗಿಸುವವರು ಎಲ್ಲಿದ್ದಾರೆ? ಎಲ್ಲೂ ಇಲ್ಲ. ಕವಿಯೇ ಅವರನ್ನು ತಂದು ನಿಲ್ಲಿಸಿದ. ಆಗುತ್ತಿರುವುದಕ್ಕೆ ಇಲ್ಲದ ಒಂದು ಕಾರಣವನ್ನೋ ಕೆಲಸವನ್ನೋ ಕಲ್ಪಿಸಿದರೆ ಅದು ಉತ್ಪ್ರೇಕ್ಷೆ. 'ಏನೋ', 'ಎಂಬಂತೆ', 'ಎನ್ನುವ ಹಾಗೆ' ಜೊತೆಗೆ ಬರಬಹುದು, ಬರದೆಯೂ ಇರಬಹುದು.

ಕುಕ್ಕರಹಳ್ಳಿ ಏರಿ (ಮೈಸೂರು)

ಅಕ್ಕ, ನಾನು ಮಾನಸಗಂಗೋತ್ರಿಯಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವ್ಯಂಗ್ಯದ ವಿಷಯ ನಾನು ಹೇಳಲಾ?

ನಾನೂ ಮೊದಲ ವರ್ಷ ನಿಮ್ಮ ಹಾಗೇ ಓದಿಕೊಂಡಿದ್ದೆ. ಕಾವ್ಯಮೀಮಾಂಸೆಯಲ್ಲಿ ವ್ಯಂಗ್ಯ ಅಂದರೆ ಬಾಯಿಬಿಟ್ಟು ಹೇಳದೆ ಹೊಳೆಯಿಸಿದ ಅರ್ಥ. ಅದರಲ್ಲಿ ಕೊಂಕು ಇರಲೇಬೇಕೆಂದಿಲ್ಲ. ಪ್ರೀತಿ, ದುಃಖ, ಭಯ ಏನು ಬೇಕಾದರೂ ವ್ಯಂಗ್ಯವಾಗಿ ಬರಬಹುದು. ಆಡುಮಾತಿನಲ್ಲಿ ಅದು ಚುಚ್ಚುಮಾತಿಗೆ ಮಾತ್ರ ಉಳಿದುಕೊಂಡಿತು.

ಶಬ್ದಕ್ಕೆ ಮೂರು ಶಕ್ತಿ ಅನ್ನುತ್ತಾರೆ: ಅಭಿಧೆ, ಲಕ್ಷಣೆ, ವ್ಯಂಜನೆ. ಪುಸ್ತಕದಲ್ಲಿ 'ಗಂಗಾಯಾಂ ಘೋಷಃ' ಅನ್ನುವ ಉದಾಹರಣೆ ಇರುತ್ತದೆ, ಅಲ್ವಾ? ಗಂಗೆಯ ಮೇಲೆ ಗೊಲ್ಲರ ಹಟ್ಟಿ. ನನಗೆ ಅದು ತಲೆಗೇ ಹತ್ತಿರಲಿಲ್ಲ. ಒಂದು ದಿನ ನಮ್ಮ ಹಾಸ್ಟೆಲಿನಲ್ಲಿ ಪಾಂಡವಪುರದ ಹುಡುಗನೊಬ್ಬ 'ನಮ್ಮ ಮನೆ ನಾಲೆ ಮೇಲೇ ಇದೆ' ಅಂದ. ಆಗ ಹೊಳೆಯಿತು.

ಮನೆ ನೀರಿನ ಮೇಲೆ ತೇಲುತ್ತಿದೆ ಅಂತ ಯಾರೂ ತಿಳಿಯುವುದಿಲ್ಲ. ಮಾತಿನ ನೇರ ಅರ್ಥ, ಅಂದರೆ ಅಭಿಧೆ, ಇಲ್ಲಿ ಹೊಂದುವುದಿಲ್ಲ. ಹಾಗಾಗಿ ನಾಲೆಯ ದಡದಲ್ಲಿದೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ. ಇದು ಲಕ್ಷಣೆ. ಹಾಗಾದರೆ ಅವನು ಸುಮ್ನೆ 'ನಾಲೆ ದಡದಲ್ಲಿ' ಅನ್ನಬಹುದಿತ್ತಲ್ಲ? ಅನ್ನಲಿಲ್ಲ. 'ನಾಲೆ ಮೇಲೇ' ಅಂದಾಗ ತಂಪು, ಬೇಸಿಗೆಯಲ್ಲೂ ಹಸಿರು ಗದ್ದೆ, ನೀರಿಗೆ ಬರವಿಲ್ಲದ ಬದುಕು, ಇಷ್ಟೂ ಹೊಳೆಯಿತು. ಅವನ ದನಿಯಲ್ಲಿದ್ದ ಹೆಮ್ಮೆಯೂ ಹೊಳೆಯಿತು. ಆ ಹೊಳೆದದ್ದೇ ವ್ಯಂಗ್ಯಾರ್ಥ. ಹೊಳೆಯಿಸಿದ ಶಕ್ತಿ ವ್ಯಂಜನೆ. ಆ ಅರ್ಥವೇ ಮಾತಿಗಿಂತ ಮೇಲಾಗಿ ನಿಂತರೆ ಧ್ವನಿ.

ನಾಲೆದಂಡೆ

ತಮ್ಮಾ, ನನ್ನ ಹೆಸರೇ ನಾಲೆದಂಡೆ! ನಾನು ಹುಟ್ಟಿದಾಗಿನಿಂದ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಮನೆಯನ್ನು 'ನಾಲೆ ಮೇಲಿನ ಮನೆ' ಅನ್ನುತ್ತಲೇ ಇದ್ದೇನೆ. ಅದು ಲಕ್ಷಣೆ ಅಂತ ಇವತ್ತು ಗೊತ್ತಾಯಿತು. ನೋಟ್ಸಿನಲ್ಲಿ ಗಂಗೆಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇದನ್ನೂ ಬರೆದುಕೊಂಡೆ.

ಗದ್ದೆಬದು

ಇನ್ನೊಂದು ಹಳೆಯ ಉದಾಹರಣೆ ಸೇರಿಸುತ್ತೇನೆ. 'ಹೊತ್ತು ಮುಳುಗಿತು.' ಎರಡೇ ಪದ. ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಕುಡುಗೋಲು ಕೆಳಗಿಡಿ ಅಂತ ಕೇಳುತ್ತದೆ. ದನ ಮೇಯಿಸುವವನಿಗೆ ಮನೆ ಕಡೆ ಹೊಡಿ ಅಂತ. ಮನೆಯಲ್ಲಿರುವ ಹುಡುಗಿಗೆ ದೀಪ ಹಚ್ಚು ಅಂತ. ಪೇಟೆಗೆ ಹೋದ ಮಗ ಇನ್ನೂ ಬಾರದ ತಾಯಿಗೆ ಅದೇ ಮಾತು ಎದೆ ಹಿಂಡುತ್ತದೆ. ಮಾತು ಬದಲಾಗಲಿಲ್ಲ. ಹೇಳಿದವರು ಯಾರು, ಕೇಳಿದವರು ಯಾರು ಅನ್ನುವುದು ಬದಲಾಯಿತು. ಈ ಉದಾಹರಣೆ ಸಂಸ್ಕೃತದ ಆಲಂಕಾರಿಕರಲ್ಲೂ ಇದೆ.

ಒಂಟಿಕೊಪ್ಪಲು ಅಜ್ಜಿ (ಮೈಸೂರು)

ನಾನು ಏನೂ ಓದಿದವಳಲ್ಲ ಮಕ್ಕಳೇ. ರೇಡಿಯೊ ಕೇಳಿ ಬೆಳೆದವಳು. ಈ ಊರಿನಲ್ಲಿ ೧೯೩೫ರಲ್ಲಿ ಮಹಾರಾಜ ಕಾಲೇಜಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಶುರು ಮಾಡಿದರು. ಆಕಾಶವಾಣಿ ಅನ್ನುವ ಹೆಸರು ಇಲ್ಲಿಂದಲೇ ಬಂದದ್ದು. ರೇಡಿಯೊದಲ್ಲಿ 'ಧ್ವನಿರೂಪಕ' ಅಂತ ಬರುತ್ತಿತ್ತು. ಧ್ವನಿ ಅಂದರೆ ಹೊಳೆಯುವ ಅರ್ಥ, ರೂಪಕ ಅಂದರೆ ಎರಡು ಒಂದಾಗುವುದು ಅಂತ ನೀವು ಹೇಳುತ್ತಿದ್ದೀರಿ. ಹಾಗಾದರೆ ನಾನು ಇಷ್ಟು ವರ್ಷ ಕೇಳಿದ್ದು ಏನು?

ಕುಕ್ಕರಹಳ್ಳಿ ಏರಿ

ಅಜ್ಜಿ, ಎಂಥ ಒಳ್ಳೆಯ ಪ್ರಶ್ನೆ! ಅಲ್ಲಿ ಧ್ವನಿ ಅಂದರೆ ಕಿವಿಗೆ ಕೇಳುವ ದನಿಯೇ. ರೂಪಕ ಅಂದರೆ ಅಭಿನಯಿಸಿ ತೋರಿಸುವ ಪ್ರಬಂಧ, ಅಂದರೆ ನಾಟಕ. ಸಂಸ್ಕೃತದಲ್ಲಿ ನಾಟಕದ ಬಗೆಗಳಿಗೆ ದಶರೂಪಕ ಅನ್ನುವ ಹೆಸರಿದೆ. ನೃತ್ಯರೂಪಕ, ಗೀತರೂಪಕ ಎಲ್ಲ ಆ ಸಾಲಿನವು. ನಟನ ಮೇಲೆ ರಾಮನ ರೂಪ ಕೂರಿಸುವುದರಿಂದ ರೂಪಕ. ಹಾಗೆ ನೋಡಿದರೆ ನೀರಿನ ಮೇಲೆ ಹಾಲಿನ ರೂಪ ಕೂರಿಸುವ ಅಲಂಕಾರಕ್ಕೂ ಇದಕ್ಕೂ ಬೇರು ಒಂದೇ.

ಇನ್ನೊಂದು ಹೇಳಬೇಕು. ಕಾಶ್ಮೀರದ ಆನಂದವರ್ಧನ ಧ್ವನಿಯೇ ಕಾವ್ಯದ ಆತ್ಮ ಅಂತ ಸಾಧಿಸಿದ್ದು ೯ನೇ ಶತಮಾನದಲ್ಲಿ. ನಮ್ಮ ಕವಿರಾಜಮಾರ್ಗವೂ ಅದೇ ಶತಮಾನದ್ದು. ಅದರಲ್ಲೂ ಧ್ವನಿಯ ಹೆಸರು ಬರುತ್ತದೆ, ಆದರೆ ಅಲಂಕಾರಗಳ ಸಾಲಿನಲ್ಲಿ ಒಂದಾಗಿ. ಒಂದೇ ಪದ, ಹೆಚ್ಚುಕಮ್ಮಿ ಒಂದೇ ಕಾಲ, ಅಲ್ಲಿ ಒಂದು ಜಾಗ, ಇಲ್ಲಿ ಒಂದು ಜಾಗ. ಹಾಗಾಗಿ 'ಈ ಪದಕ್ಕೆ ಅರ್ಥ ಏನು' ಅಂತ ಕೇಳಿ ನಿಲ್ಲಿಸಬಾರದು. ಯಾರು ಬಳಸಿದರು ಅಂತಲೂ ಕೇಳಬೇಕು.

ಬೋಗಾದಿ ಮೇಡಂ (ಮೈಸೂರು)

ನಾನು ಇಂಗ್ಲಿಷ್ ಪಾಠ ಮಾಡುವವಳು. ಸಿಮಿಲಿಗೆ ಉಪಮೆ, ಮೆಟಫರ್‌ಗೆ ರೂಪಕ ಅಂತ ಹೇಳಿ ಕೆಲಸ ನಡೆಸುತ್ತೇನೆ, ನಡೆಯುತ್ತದೆ. ಐರನಿ ಬಂದಾಗ ಮಾತ್ರ ಕೈಕಟ್ಟಿದ ಹಾಗಾಗುತ್ತದೆ. ಕೆಲವರು ವ್ಯಂಗ್ಯ ಅನ್ನುತ್ತಾರೆ, ಕೆಲವರು ವಿಡಂಬನೆ. ನಾಟಕದಲ್ಲಿ ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರುತ್ತದಲ್ಲ, ಅದನ್ನು ನಾಟಕೀಯ ವ್ಯಂಗ್ಯ ಅನ್ನುತ್ತೇವೆ. ನಮ್ಮ ಮಕ್ಕಳಿಗೆ ನಾನು ಕೊಡುವ ಉದಾಹರಣೆ ಕರ್ಣನದು. ಅವನು ಕುಂತಿಯ ಮಗ ಅಂತ ನಮಗೆ ಗೊತ್ತು. ಅರ್ಜುನನಿಗೆ ಗೊತ್ತಿಲ್ಲ. ಅಣ್ಣನಿಗೇ ಬಾಣ ಹೂಡುತ್ತಾನೆ. ಆ ಗಳಿಗೆಯಲ್ಲಿ ಚುಚ್ಚುಮಾತು ಎಲ್ಲಿದೆ? ಕಣ್ಣೀರು ಬರುತ್ತದೆ. ಆದರೂ 'ವ್ಯಂಗ್ಯ' ಅಂದ ಕೂಡಲೇ ಮಕ್ಕಳು ಲೇವಡಿ ಹುಡುಕುತ್ತಾರೆ.

ಕುಕ್ಕರಹಳ್ಳಿ ಏರಿ

ಮೇಡಂ, ನಿಮ್ಮ ಮಕ್ಕಳಿಗೆ ವ್ಯಾಜಸ್ತುತಿಯನ್ನೂ ಹೇಳಿ. ಹೊಗಳಿದ ಹಾಗೆ ಮಾಡಿ ಬೈಯುವುದು, ಬೈದ ಹಾಗೆ ಮಾಡಿ ಹೊಗಳುವುದು. ಆಡುಮಾತಿನ 'ವ್ಯಂಗ್ಯ'ಕ್ಕೆ ಅಲಂಕಾರಗಳಲ್ಲಿ ಹತ್ತಿರದ ನೆಂಟ ಅದು.

ಆಲೆಮನೆ (ಮಂಡ್ಯ)

ನಾನು ಬೆಲ್ಲ ಮಾಡುವವನು. ಸಂಜೆ ಹೊತ್ತು ಓದುವ ಹುಚ್ಚು. ರಸದ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ರಸ ಅಂದರೆ ನವರಸ, ಶೃಂಗಾರ ವೀರ ಕರುಣ ಅಂತ ಪಟ್ಟಿ ಒಪ್ಪಿಸಿ ಮುಗಿಸುತ್ತಾರೆ. ನಾಟ್ಯಶಾಸ್ತ್ರದ ಭರತ ಹೇಳಿದ್ದು ಎಂಟು, ಶಾಂತ ಆಮೇಲೆ ಸೇರಿತು. ಅದಿರಲಿ. ಭರತ ರಸವನ್ನು ವಿವರಿಸಿದ್ದು ಯಾವ ಉದಾಹರಣೆಯಿಂದ ಗೊತ್ತಾ? ಅಡುಗೆಯಿಂದ. ಬೇರೆ ಬೇರೆ ವ್ಯಂಜನ (ಮೇಲೋಗರ), ಮಸಾಲೆ, ಸೊಪ್ಪು ಸೇರಿ ಒಂದು ರುಚಿ ಆಗುವ ಹಾಗೆ, ವಿಭಾವ (ಭಾವಕ್ಕೆ ಕಾರಣ), ಅನುಭಾವ (ಅದು ಹೊರಗೆ ಕಾಣುವ ಬಗೆ), ವ್ಯಭಿಚಾರಿಭಾವ (ಬಂದು ಹೋಗುವ ಭಾವ) ಸೇರಿ ರಸ ಆಗುತ್ತದೆ ಅಂದ. ನನಗೆ ಈ ಸಾಲು ಓದಿದಾಗ ಕೊಪ್ಪರಿಗೆ ಮುಂದೆ ನಿಂತ ಹಾಗಾಯಿತು.

ಗಾಣದಿಂದ ಬಂದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವಾಗ ಮಣ್ಣಿನ ಬಣ್ಣ. ಸುಣ್ಣ ಹಾಕುತ್ತೇವೆ, ಕೊಳೆ ಮೇಲೆ ಬರುತ್ತದೆ, ತೆಗೆಯುತ್ತೇವೆ. ಕುದಿಯುತ್ತಾ ಕುದಿಯುತ್ತಾ ದೊಡ್ಡ ಗುಳ್ಳೆ ಸಣ್ಣದಾಗುತ್ತದೆ. ಆಗ ಒಂದು ಚೂರು ಪಾಕ ತೆಗೆದು ತಣ್ಣೀರಿಗೆ ಬಿಡುತ್ತೇವೆ. ಕರಗಿ ಹರಡಿದರೆ ಇನ್ನೂ ಆಗಿಲ್ಲ. ಬೆರಳಲ್ಲಿ ಉಂಡೆ ಕಟ್ಟಿದರೆ ಹದ ಬಂತು. ಸ್ವಲ್ಪ ತಡವಾದರೂ ಕಮಟು. ನಮ್ಮಪ್ಪ ನೀರಿಗೇ ಬಿಡುತ್ತಿರಲಿಲ್ಲ, ವಾಸನೆಯಲ್ಲೇ ಹೇಳುತ್ತಿದ್ದರು. ಅಚ್ಚಿಗೆ ಹುಯ್ದ ಬೆಲ್ಲವನ್ನು ಬಾಯಿಗೆ ಹಾಕಿಕೊಂಡರೆ ಕಬ್ಬು ಯಾವುದು, ಸುಣ್ಣ ಯಾವುದು, ಬೆಂಕಿ ಎಷ್ಟು ಅಂತ ಬೇರೆ ಮಾಡಿ ಹೇಳಲು ಆಗುತ್ತದಾ? ಭರತನ ಮಾತು ನನಗೆ ಅರ್ಥವಾದದ್ದು ಹೀಗೆ.

ಕಾವ್ಯದಲ್ಲೂ 'ಪಾಕ' ಅನ್ನುವ ಪದ ಇದೆ ಅಂತ ಆಮೇಲೆ ಓದಿದೆ, ಬಹಳ ಸಂತೋಷವಾಯಿತು. ದ್ರಾಕ್ಷಾಪಾಕ ಅಂದರೆ ಬಾಯಿಗಿಟ್ಟ ಕೂಡಲೇ ಸವಿ. ಕದಳೀಪಾಕ ಅಂದರೆ ಬಾಳೆಹಣ್ಣು, ಸಿಪ್ಪೆ ಸುಲಿಯಬೇಕು. ನಾರಿಕೇಳಪಾಕ ಅಂದರೆ ತೆಂಗಿನಕಾಯಿ, ನಾರು ಸುಲಿದು ಚಿಪ್ಪು ಒಡೆದ ಮೇಲೆ ಕಾಯಿ. ಯಾವ ಪದ್ಯ ನನಗೆ ತಕ್ಷಣ ಒಲಿಯದಿದ್ದರೂ ಈಗ ಬೇಸರ ಇಲ್ಲ. ತೆಂಗಿನಕಾಯಿ ಇರಬಹುದು ಅಂತ ಇನ್ನೊಂದು ಸಲ ಓದುತ್ತೇನೆ.

ನಾಲೆದಂಡೆ

ಅಣ್ಣಾ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ರಸಸೂತ್ರವನ್ನು ಬಾಯಿಪಾಠ ಮಾಡಿದ್ದೆ, ರುಚಿ ಇವತ್ತು ಸಿಕ್ಕಿತು.

ಮಗಳಿಗೆ ಈಗ ಛಂದಸ್ಸಿನ, ಅಂದರೆ ಪದ್ಯದ ಲಯದ ಲೆಕ್ಕದ ಹುರುಪು ಬಂದಿದೆ. ಆರು ಸಾಲಿನ ಭಾಮಿನಿ ಷಟ್ಪದಿಯಲ್ಲಿ ಮೂರು ಸಾಲು ಬರೆದಿದ್ದಾಳೆ. ಮೇಷ್ಟ್ರು ನೋಡಿ ಹೇಳಬೇಕಂತೆ.

ಮಳೆಯು ಬಂದಿತು ಕೆರೆಯು ತುಂಬಿತು
ಭತ್ತ ನಕ್ಕಿತು ಹಸಿರ ಹೊದ್ದಿತು
ಇಳೆಗೆ ಹಬ್ಬವು ಮನೆಗೆ ಹಬ್ಬವು ಜನಕೆ ಸಡಗರವು

ಗದ್ದೆಬದು

ಕಣ್ಣಿಗೆ ಒತ್ತಿಕೊಳ್ಳುವ ಹಾಗಿದೆ ಮಗಳೇ. ಈಗ ಎಣಿಸೋಣ, ಜೊತೆಗೆ ಚಪ್ಪಾಳೆ ಹಾಕು. ಮೂರು, ನಾಲ್ಕು, ಮೂರು, ನಾಲ್ಕು.

ಅಕ್ಷರ ಹೇಳುವ ಕಾಲದ ಅಳತೆ ಮಾತ್ರೆ, ಒಂದು ಮಾತ್ರೆಯದು ಲಘು, ಎರಡರದು ಗುರು. 'ಮಳೆಯು' ಮೂರೂ ಲಘು, ಮೂರು ಮಾತ್ರೆ. 'ಬಂದಿತು' ಅನ್ನುವುದರಲ್ಲಿ 'ಬಂ'ಗೆ ಸೊನ್ನೆ ಇದೆ, ಅದು ಗುರು, ಎರಡು ಮಾತ್ರೆ. 'ದಿ', 'ತು' ಒಂದೊಂದು. ಒಟ್ಟು ನಾಲ್ಕು. 'ಕೆರೆಯು' ಮೂರು, 'ತುಂಬಿತು' ನಾಲ್ಕು. ಹದಿನಾಲ್ಕು ಮಾತ್ರೆ ಸರಿಯಾಯಿತು. ಭಾಮಿನಿಯ ಒಂದು, ಎರಡು, ನಾಲ್ಕು, ಐದನೇ ಸಾಲು ಹೀಗೇ ಇರಬೇಕು.

ಎರಡನೇ ಸಾಲಿನ ಲೆಕ್ಕವೂ ಸರಿ. ಆದರೆ 'ಭತ್ತ'ದಲ್ಲಿ ಗುರು ಯಾವುದು ಅಂತ ಕೇಳಿದರೆ ಬಹಳ ಮಕ್ಕಳು 'ತ್ತ' ಅನ್ನುತ್ತಾರೆ. ಅಲ್ಲ. ಒತ್ತಕ್ಷರದ ಹಿಂದಿನ 'ಭ' ಗುರು, 'ತ್ತ' ಲಘುವೇ. ಬಾಯಲ್ಲಿ ಹೇಳಿ ನೋಡು, ನಾಲಗೆ 'ಭತ್' ಅಂತ ನಿಂತು ಮುಂದಕ್ಕೆ ಹೋಗುತ್ತದೆ. ಆ ನಿಲುಗಡೆಗೇ ಎರಡನೇ ಮಾತ್ರೆ.

ತಪ್ಪಿದ್ದು ಪ್ರಾಸ. ಇದು ಇನ್ನೊಂದು ಮೋಸದ ಪದ. ಈಗ ಪ್ರಾಸ ಅಂದರೆ ಸಾಲಿನ ಕೊನೆ ಹೊಂದುವುದು ಅಂತ ಎಲ್ಲರೂ ತಿಳಿದಿದ್ದಾರೆ. ಹಳೆಯ ಕನ್ನಡ ಪದ್ಯದಲ್ಲಿ ಪ್ರಾಸ ಇರುವುದು ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ನಿನ್ನ ಮೊದಲ ಸಾಲಿನ ಎರಡನೇ ಅಕ್ಷರ 'ಳೆ', ಮೂರನೇ ಸಾಲಿನದೂ 'ಳೆ'. ನಡುವೆ 'ತ್ತ' ಬಂದು ಕೂತಿತು. ವ್ಯಂಜನ ಒಂದೇ ಇರಬೇಕು, ಸ್ವರ ಬೇರೆ ಆದರೆ ಅಡ್ಡಿ ಇಲ್ಲ.

ನಾಗವರ್ಮ ಛಂದೋಂಬುಧಿ ಅನ್ನುವ ಹಳೆಯ ಛಂದಸ್ಸಿನ ಪುಸ್ತಕದಲ್ಲಿ ಆರು ಪ್ರಾಸ ಹೇಳುತ್ತಾನೆ. ಪ್ರಾಸಾಕ್ಷರದ ಹಿಂದೆ ಹ್ರಸ್ವ ಇದ್ದರೆ ಸಿಂಹ, ದೀರ್ಘ ಇದ್ದರೆ ಗಜ, ಸೊನ್ನೆ ಇದ್ದರೆ ವೃಷಭ, ವಿಸರ್ಗ ಇದ್ದರೆ ಅಜ. ಬೇರೆ ವ್ಯಂಜನ ಕೂಡಿದ ಒತ್ತಕ್ಷರ ಆದರೆ ಶರಭ, ಅದೇ ಅಕ್ಷರದ ಒತ್ತು ಆದರೆ ಹಯ. ಆ ಪುಸ್ತಕವನ್ನು ಅವನು ಹೆಂಡತಿಗೆ ಹೇಳಿಕೊಡುವ ಹಾಗೆ ಬರೆದ ಅನ್ನುತ್ತಾರೆ. ನಿಮ್ಮ ಮನೆಯ ಮೇಜು ನೆನಪಾಯಿತು.

ಆಲೆಮನೆ

ಮೇಷ್ಟ್ರೇ, 'ಕೈ ಕೆಸರಾದರೆ ಬಾಯಿ ಮೊಸರು'. ಕೆಸರು, ಮೊಸರು. ಇದೂ ಎರಡನೇ ಅಕ್ಷರವೇ ಅಲ್ವಾ? 'ಹಿತ್ತಲ ಗಿಡ ಮದ್ದಲ್ಲ' ಅನ್ನುವುದಕ್ಕೆ ಹೊಂದುವುದಿಲ್ಲ, ಆದರೆ ಕಿವಿಗೆ ಏನೋ ಹತ್ತಿರ ಅನ್ನಿಸುತ್ತದೆ.

ಗದ್ದೆಬದು

ಕೆಸರು, ಮೊಸರು ಸರಿಯಾಗಿ ಹಿಡಿದಿರಿ. ಹಿತ್ತಲು, ಮದ್ದು ಎರಡರಲ್ಲೂ ಒತ್ತು ಇದೆ, ಅಕ್ಷರ ಬೇರೆ. ಪ್ರಾಸ ಅಲ್ಲ, ನಡಿಗೆ ಒಂದೇ.

ಬೋಗಾದಿ ಮೇಡಂ

ಈಗ ಬರೆಯುವವರು ಎರಡನೇ ಅಕ್ಷರದ ಪ್ರಾಸ ಇಡಬೇಕಾ?

ಕುಕ್ಕರಹಳ್ಳಿ ಏರಿ

ಬೇಕೇ ಬೇಕು ಅಂತಿಲ್ಲ ಮೇಡಂ. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಲ್ಲೇ ಅದನ್ನು ಬಿಟ್ಟು ಬರೆದರು, ಆ ಕಾಲಕ್ಕೆ ದೊಡ್ಡ ಧೈರ್ಯ. ಆಮೇಲೆ ಬಿ.ಎಂ.ಶ್ರೀ. ಇಂಗ್ಲಿಷ್ ಕವಿತೆಗಳನ್ನು ತರುವಾಗ ಹೊಸ ಲಯಗಳನ್ನೇ ತಂದರು. ಅವರ ಹೆಸರಿನ 'ಬಿ' ನಿಮ್ಮ ಮಂಡ್ಯ ಜಿಲ್ಲೆಯ ಬೆಳ್ಳೂರು. ಆದರೆ ಬಿಡುವ ಮೊದಲು ಒಂದು ಸಲ ಇಟ್ಟು ನೋಡಬೇಕು ಅಂತ ನನ್ನ ಆಸೆ. ಅದನ್ನು ಕಟ್ಟಿದ ಕಿವಿಗೆ ಹಳೆಯ ಪದ್ಯ ಬೇರೆ ಥರ ಕೇಳುತ್ತದೆ.

ನಾಲೆದಂಡೆ

'ಭತ್ತ' ತೆಗೆದು 'ಬೆಳೆಯು' ಅಂತ ಹಾಕಿದಳು. ಬೆಳೆಯು ನಕ್ಕಿತು ಹಸಿರ ಹೊದ್ದಿತು. ಮೂರೂ ಸಾಲಿಗೆ ಸಿಂಹಪ್ರಾಸ ಬಂತು ಅಂತ ಕುಣಿಯುತ್ತಿದ್ದಾಳೆ. ಮೂರನೇ ಸಾಲಿನ ಬಗ್ಗೆ ಅವಳಿಗೆ ಅನುಮಾನ. ಕೊನೆಗೆ ಗುರು ಬರಬೇಕು ಅಂತ ಪುಸ್ತಕದಲ್ಲಿದೆ. 'ಸಡಗರವು' ಅನ್ನುವುದರ 'ವು' ಲಘು ಅಲ್ವಾ?

ಗದ್ದೆಬದು

ಲಘುವೇ. ಆದರೆ ಸಾಲಿನ ಕೊನೆಯಲ್ಲಿ ನಿಂತು ಉಸಿರು ಎಳೆಯುತ್ತೇವಲ್ಲ, ಅಲ್ಲಿ ಲಘುವನ್ನೂ ಗುರು ಅಂತ ಎಣಿಸುವುದು ರೂಢಿ. ಮೂರನೇ ಮತ್ತು ಆರನೇ ಸಾಲಿಗೆ ಮೂರು ನಾಲ್ಕು, ಮೂರು ನಾಲ್ಕು, ಮೂರು ನಾಲ್ಕು, ಮೇಲೊಂದು ಗುರು. ಇಪ್ಪತ್ಮೂರು ಮಾತ್ರೆ. ಅವಳ ಸಾಲು ತೂಕಕ್ಕೆ ಸರಿಯಾಗಿದೆ. ಇನ್ನು ಮೂರು ಸಾಲು ಬರೆದರೆ ಷಟ್ಪದಿ. ಎರಡನೇ ಅಕ್ಷರ ಆರಕ್ಕೂ 'ಳ'ಕಾರವೇ ಇರಬೇಕು, ಮರೆಯಬೇಡ. ಎಳೆಯ, ಬಳಗ, ಗಳಿಗೆ, ಹಳೆಯ, ಒಳಗೆ, ಬೇಕಾದಷ್ಟು ಪದ ಇವೆ.

ನಾಲೆದಂಡೆ

ಎರಡು ದಿನ ಆಯಿತು ಬರೆಯದೆ. ಕ್ಷಮಿಸಿ, ಕೆಲಸ ಜಾಸ್ತಿ ಇತ್ತು. ಭಾನುವಾರ ಅಮ್ಮನ ಊರಿಗೆ ಹೋಗಿದ್ದೆವು. ಅಲ್ಲಿ ಬದುವಿನ ಮೇಲೆ ಕೂತು ಬರೆದಳು. ಕೊನೆಯ ಸಾಲು ನನ್ನನ್ನು ನೋಡಿ ಬರೆದದ್ದಂತೆ. ಗದ್ದೆಗೆ ಬುತ್ತಿ ತೆಗೆದುಕೊಂಡು ಹೊರಟವಳು ದಾರಿಯಲ್ಲಿ ನಿಂತಿದ್ದೆ, ಅಷ್ಟನ್ನೂ ನೋಡಿಬಿಟ್ಟಿದ್ದಾಳೆ.

ಎಳೆಯ ಕರುಗಳು ಬದುವಿನಂಚಲಿ
ಬಳಗ ಸೇರಿತು ಹೊಂಗೆ ನೆರಳಲಿ
ಗಳಿಗೆ ನಿಂತಳು ಅಮ್ಮ ನೋಡುತ ಬುತ್ತಿ ಹೊತ್ತವಳು

ಗದ್ದೆಬದು

ಮಾತ್ರೆ ಸರಿ. ಪ್ರಾಸ ಸರಿ. 'ಹೊತ್ತವಳು' ಅನ್ನುವುದರ 'ಳು' ಕೊನೆಯಲ್ಲಿ ಗುರುವಾಗಿ ನಿಂತಿದೆ, ಅದೂ ಸರಿ.

ಮಗಳೇ, ಅಮ್ಮ ಯಾಕೆ ನಿಂತಳು ಅಂತ ನೀನು ಬರೆಯಲಿಲ್ಲ ನೋಡು. ಅದನ್ನು ಹಾಗೇ ಬಿಡು, ಏನೂ ಸೇರಿಸಬೇಡ. ನಾಳೆ ಕ್ಲಾಸಿನಲ್ಲಿ ಇದನ್ನು ಓದಿ ಹೇಳಿ, ಯಾರಿಗೆ ಏನು ಕೇಳಿಸಿತು ಅಂತ ಒಬ್ಬೊಬ್ಬರನ್ನೇ ಕೇಳಿಕೊಂಡು ಬಂದು ಇಲ್ಲಿ ಬರೆ.